ತತ್ತಿಯಲ್ಲ, ನಾನು ಲದ್ದಿ

ನಾನು ಒಂದು ಲದ್ದಿ. ಮೂಗು ಮುಚ್ಚಿಕೊಳ್ಳಬೇಡಿ, ನನ್ನ ವಾಸನೆ ಹೋಗಿ ಕೋಟಿಗಟ್ಟಲೆ ವರ್ಷಗಳಾದವು. ಈಗ ನಾನು ಬರೀ ಕಲ್ಲು. ತೂಕ ಮುಕ್ಕಾಲು ಕಿಲೋ, ಬಣ್ಣ ಸುಟ್ಟ ಇಟ್ಟಿಗೆಯದು, ಆಕಾರ ಗುಂಡು ಬದನೆಕಾಯಿಯದು. ನನಗಿಂತ ಹೆಚ್ಚು ನಾರುವ ಮನುಷ್ಯರನ್ನು ಇಸ್ತ್ರಿ ಮಾಡಿದ ಅಂಗಿಯೊಳಗೆ ನೋಡಿದ್ದೇನೆ. ಅವರ ಸುದ್ದಿ ಮುಂದೆ ಬರುತ್ತದೆ.

ನನ್ನ ಜನನದಲ್ಲಿ ವಿಶೇಷವೇನೂ ಇಲ್ಲ. ತಾಳೆಮರದೆತ್ತರಕ್ಕೆ ಕತ್ತು ಚಾಚುವ ಒಂದು ದೈತ್ಯ ಪ್ರಾಣಿ, ನೀವು ಡೈನೊಸಾರ್ ಅನ್ನುತ್ತೀರಲ್ಲ ಅದು, ಹೊಟ್ಟೆ ತುಂಬ ಮೇಯ್ದು ಹೊಂಡದ ದಂಡೆಗೆ ಬಂತು. ನೀರು ಕುಡಿಯಿತು, ನನ್ನನ್ನು ಹಾಕಿತು, ಮುಂದೆ ಹೋಯಿತು. ತಿರುಗಿಯೂ ನೋಡಲಿಲ್ಲ. ಅದಕ್ಕಾಗಿ ನಾನು ಅದನ್ನು ದೂರುವುದಿಲ್ಲ. ಕೆಸರು ಬಂದು ಮುಚ್ಚಿತು. ಮಣ್ಣಿನ ಮೇಲೆ ಮಣ್ಣು ಕೂತಿತು. ನಾನು ಹದವಾಗಿ, ನಿಧಾನವಾಗಿ, ಯಾರ ಹಂಗೂ ಇಲ್ಲದೆ ಕಲ್ಲಾದೆ. ಅಷ್ಟು ದೀರ್ಘಕಾಲ ಯಾರೂ ನನಗೆ ಹೆಸರಿಡಲಿಲ್ಲ. ನನ್ನ ಬದುಕಿನ ಸುಖದ ದಿನಗಳು ಅವೇ.

ನನ್ನನ್ನು ಹೊರಗೆ ತೆಗೆದವರು ಕಟಗೇರಿ ಮಾಸ್ತರು. ಗಡಿನಾಡಿನ ಒಂದು ಹಳೆಯ ಕಾಲೇಜಿನಲ್ಲಿ ಅವರು ಭೂವಿಜ್ಞಾನ ಕಲಿಸುತ್ತಿದ್ದರು. ಉಗಿಬಂಡಿಯ ಕಾಲ. ಹನ್ನೆರಡು ಜನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಬುತ್ತಿಗೆ ಕಟಕ ರೊಟ್ಟಿ ಶೇಂಗಾಹಿಂಡಿ ಕಟ್ಟಿಸಿಕೊಂಡು, ವಾರ್ಧಾ ನದಿಯ ಸೀಮೆಗೆ ಬಂದಿದ್ದರು. ಉಳುಮೆಯಾದ ಹೊಲದಲ್ಲಿ ನಾನು ಅರ್ಧ ಮೇಲೆದ್ದು ಕೂತಿದ್ದೆ. ಮಾಸ್ತರು ನನ್ನನ್ನೆತ್ತಿ ಧೂಳು ಒರೆಸಿ, ನಾಲಗೆ ಚಾಚಿ ನೆಕ್ಕಿದರು. ಕಲ್ಲಾದ ಎಲುಬಾದರೆ ನಾಲಗೆಗೆ ಅಂಟುತ್ತದೆ, ಅದು ಆ ಕಸುಬಿನವರ ಪರೀಕ್ಷೆ. ನಾನು ಅಂಟಲಿಲ್ಲ. ಅವರು ತಿರುಗಿಸಿ ನೋಡಿದರು. ನೆಲಕ್ಕೆ ಬಿದ್ದು ಚಪ್ಪಟೆಯಾದ ಒಂದು ಮಗ್ಗುಲು, ಒಣಗಿ ಬಿರಿದ ಗೆರೆಗಳು ಕಂಡವು. ಅವರಿಗೆ ತಡೆಯಲಾರದ ನಗು ಬಂತು.

“ನೋಡ್ರಪಾ, ನಿಮ್ಮ ಮಾಸ್ತರ ಲದ್ದಿ ನೆಕ್ಕಿದ! ಆದ್ರ ಇದನ್ನ ಹಾಕಿದ್ದು ಆನಿಗಿಂತ ದೊಡ್ಡದು, ಅದನ್ನ ಮರೀಬ್ಯಾಡ್ರಿ” ಎಂದರು.

ಆ ಮನುಷ್ಯ ನನಗೆ ತುಂಬ ಹಿಡಿಸಿದರು. ಲದ್ದಿಯನ್ನು ಲದ್ದಿ ಎಂದು ಕರೆದು, ಕರವಸ್ತ್ರದಲ್ಲಿ ಸುತ್ತಿ, ಊರಿನವರೆಗೆ ತೊಡೆಯ ಮೇಲಿಟ್ಟುಕೊಂಡು ತಂದರು. ಅದೇ ಪ್ರವಾಸದಲ್ಲಿ ಇನ್ನೊಂದು ಸಾಮಾನೂ ಸಿಕ್ಕಿತ್ತು. ಡೈನೊಸಾರಿನ ಒಡೆದ ತತ್ತಿ, ಅರ್ಧ ಬಟ್ಟಲಿನಂಥ ಚೂರು. ನೋಡಲಿಕ್ಕೆ ಮುರಿದ ಹೆಂಚು. ಆದರೆ ಅಪರೂಪದ್ದು ಅದೇ ಎಂದು ಮಾಸ್ತರಿಗೆ ಗೊತ್ತಿತ್ತು. ಕಾಲೇಜಿನ ಸಂಗ್ರಹದ ಕೋಣೆಯಲ್ಲಿ ಎಲ್ಲ ಕಲ್ಲುಗಳಿಗೂ ಕಪ್ಪು ಶಾಯಿಯಲ್ಲಿ ಇಂಗ್ಲಿಷ್ ಚೀಟಿ ಬರೆದು ಮೈದಾ ಅಂಟಿನಿಂದ ಹಚ್ಚಿದರು. ಆ ತತ್ತಿಗೆ ಮಾತ್ರ ಕೆಂಪು ಶಾಯಿ. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನನ್ನ ಚೀಟಿಯಲ್ಲಿ ನನ್ನ ಹೆಸರೇ ಇತ್ತು, ಅಷ್ಟು ಸಾಕಾಗಿತ್ತು. ಮೂವತ್ತು ವರ್ಷ ಅವರು ಒಣ ಬ್ರಷ್ಷಿನಿಂದ ನನ್ನ ಧೂಳು ಒರೆಸಿದರು. ಆಮೇಲೆ ನಿವೃತ್ತರಾದರು, ಸ್ವಲ್ಪ ದಿನಕ್ಕೆ ತೀರಿಕೊಂಡರು. ಅವರು ಬರೆದಿಟ್ಟ ದಾಖಲೆ ಪುಸ್ತಕವನ್ನು ಗೆದ್ದಲು ಹೊಡೆಯಿತು.

ಅಲ್ಲಿಂದ ಹೇಸಿಗೆಯ ಕಾಲ ಸುರುವಾಯಿತು.

ದಸರೆಯಲ್ಲಿ ಈ ಸೀಮೆಯವರು ಖಂಡೇಪೂಜೆ ಮಾಡುತ್ತಾರೆ. ಬಸ್ಸಿನವನು ಬಸ್ಸಿಗೆ, ದರ್ಜಿ ಹೊಲಿಗೆಯಂತ್ರಕ್ಕೆ, ಬಡಿಗ ಉಳಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಾನೆ. ಕಾಲೇಜಿನಲ್ಲಿಯೂ ಅದೇ ರೂಢಿ. ರಸಾಯನಶಾಸ್ತ್ರದವರು ತಮ್ಮ ತಕ್ಕಡಿ ತೊಳೆದರು, ಆಟದ ವಿಭಾಗದವರು ಕ್ರಿಕೆಟ್ ಬ್ಯಾಟು ತೊಳೆದರು. ನಮ್ಮ ಕೋಣೆಗೆ ಹೊಸದಾಗಿ ಬಂದಿದ್ದ ಅಟೆಂಡರ್ ಅಡಿವೆಪ್ಪ ಇದನ್ನೆಲ್ಲ ನೋಡಿದ. ತನ್ನ ಕಲ್ಲುಗಳಷ್ಟೇ ಕೊಳೆಯಾಗಿ ಉಳಿದರೆ ವಿಭಾಗದ ಮಾನ ಹೋಗುತ್ತದೆಂದು ಅವನಿಗೆ ಅನ್ನಿಸಿತು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಒಂದು ಬಕೆಟ್ ನೀರು, ಸೀಗೆಪುಡಿ, ತೆಂಗಿನ ನಾರು ತಂದು ಅರವತ್ತು ಕಲ್ಲುಗಳನ್ನೂ ಒಂದೊಂದಾಗಿ ತಿಕ್ಕಿದ. ನನ್ನನ್ನು ತಿಕ್ಕುವಾಗ ಹಾಡು ಬೇರೆ ಹೇಳುತ್ತಿದ್ದ. ಮುಗಿಯುವ ಹೊತ್ತಿಗೆ ಮೈದಾ ಅಂಟು ಕರಗಿ ಅರವತ್ತು ಚೀಟಿಗಳು ಬಕೆಟ್ಟಿನಲ್ಲಿ ತೇಲುತ್ತಿದ್ದವು.

ಅಡಿವೆಪ್ಪ ಚೀಟಿಗಳನ್ನು ಹೆಕ್ಕಿ ವರಾಂಡದಲ್ಲಿ ಒಣಹಾಕಿದ. ಅವನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕೇಳಿದರೆ ಕೆಲಸ ಹೋಗುತ್ತದೆಂಬ ಭಯ. ಅಂದಾಜಿನ ಮೇಲೆ ಹಚ್ಚತೊಡಗಿದ. ಉದ್ದ ಚೀಟಿ ಉದ್ದ ಕಲ್ಲಿಗೆ, ಗಿಡ್ಡ ಚೀಟಿ ಗಿಡ್ಡ ಕಲ್ಲಿಗೆ. ಕೆಂಪು ಅಕ್ಷರದ್ದು ಒಂದೇ ಇತ್ತು. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಅಂದರೆ ಹಬ್ಬ. ಹಬ್ಬದ ಚೀಟಿ ಒಡೆಯದ, ದುಂಡಗಿನ, ಲಕ್ಷಣವಾದ ಕಲ್ಲಿನದೇ ಇರಬೇಕೆಂದು ಲೆಕ್ಕ ಹಾಕಿ ಅದನ್ನು ನನ್ನ ಹಣೆಗೆ ಹಚ್ಚಿದ. ಕೊನೆಗೆ ಉಳಿದದ್ದು ನನ್ನ ಚೀಟಿ, ಮತ್ತು ಆ ಹೆಂಚಿನ ಚೂರಿನಂಥ ತತ್ತಿ. ಎರಡನ್ನೂ ಸೇರಿಸಿ ಕೈ ತೊಳೆದುಕೊಂಡ. ಲದ್ದಿ ತತ್ತಿಯಾಯಿತು, ತತ್ತಿ ಲದ್ದಿಯಾಯಿತು. ನನಗೆ ಬಾಯಿದ್ದರೆ ಇಡೀ ಕಾಲೇಜು ಕೇಳುವಂತೆ ಕೂಗುತ್ತಿದ್ದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಓದಿದವರಿಗೆ ಬೇರೆ ಹೇಳಬೇಕೇ? ಹೇಳಬೇಕಾಗಿತ್ತು ಎಂದು ಕಾಣುತ್ತದೆ. ವಿಭಾಗದ ಮುಖ್ಯಸ್ಥರಾಗಿ ಬಂದ ಡಾ. ಹಂಚಿನಾಳರು ಬೋರ್‌ವೆಲ್ಲಿಗೆ ಜಾಗ ತೋರಿಸುವುದರಲ್ಲಿ ಹೆಸರಾದವರು. ಕಲ್ಲಿನ ಮುಖ ನೋಡುವ ವ್ಯವಧಾನ ಅವರಿಗಿರಲಿಲ್ಲ. ಚೀಟಿ ನೋಡಿದರು, ಕಟಗೇರಿ ಮಾಸ್ತರ ಕೈಬರಹ ಕಂಡಿತು, ಕೈಮುಗಿದರು. ನನಗೆ ಗಾಜಿನ ಪೆಟ್ಟಿಗೆ ಬಂತು, ಕೆಂಪು ಮಖಮಲ್ಲು ಬಂತು, ಪೇಪರಿನಲ್ಲಿ ಫೋಟೋ ಬಂತು. ವರ್ಷಕ್ಕೊಮ್ಮೆ ಖಂಡೇಪೂಜೆಯ ದಿನ ನನ್ನನ್ನು ಹೊರತೆಗೆದು ಹಾಲು ಸುರಿಯುತ್ತಿದ್ದರು. ಆ ಹಾಲು ನನ್ನ ಬಿರುಕುಗಳೊಳಗೆ ಇಳಿದು ಎಂಟು ದಿನ ಹುಳಿ ನಾತ ಹೊಡೆಯುತ್ತಿತ್ತು. ನಾನು ಪ್ರಾಣಿಯ ಹೊಟ್ಟೆಯೊಳಗೆ ಇದ್ದಾಗಲೂ ಅಷ್ಟು ನಾರಿರಲಿಲ್ಲ. ಮಕ್ಕಳಾಗದ ಹೆಣ್ಣುಮಕ್ಕಳು ನನ್ನ ಸುದ್ದಿ ಕೇಳಿ ಬರತೊಡಗಿದರು. ತತ್ತಿ ಮುಟ್ಟಿದರೆ ಬಸಿರು ನಿಲ್ಲುತ್ತದೆಂದು ಯಾರೋ ಹಬ್ಬಿಸಿದ್ದರು. ನನ್ನೆದುರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬುತ್ತಿದ್ದರು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಣ್ಣೀರು ನಿಜವಾದದ್ದು. ಅದನ್ನು ನೋಡಿಯೂ ಮಖಮಲ್ಲು ಸರಿಮಾಡುತ್ತ ನಗುತ್ತಿದ್ದ ಹಂಚಿನಾಳರನ್ನು ಕಂಡರೆ ನನಗೆ ಓಕರಿಕೆ ಬರುತ್ತಿತ್ತು.

ನಿಜವಾದ ತತ್ತಿಯ ಗತಿ ಕೇಳಿ. ಹಂಚಿನಾಳರಿಗೆ ಎಲೆ, ಅಡಿಕೆ, ಸುಣ್ಣ, ತಂಬಾಕು ದಿನವಿಡೀ ಬಾಯಲ್ಲಿ ಇರಲೇಬೇಕು. ಒಂದು ದಿನ ಉಗುಳಲು ಜಾಗ ಹುಡುಕುತ್ತಿದ್ದಾಗ ಆ ಬಟ್ಟಲಿನಂಥ ಚೂರು ಕಣ್ಣಿಗೆ ಬಿತ್ತು. ಚೀಟಿ ಓದಿದರು.

“ಹ್ಯಾಂಗೂ ಹೇಲ ಅದ. ಉಗುಳಿದ್ರ ಏನ ಕೆಡತದ?” ಎಂದು ಅದನ್ನೆತ್ತಿ ನಮ್ಮ ಕೋಣೆಯಲ್ಲಿದ್ದ ತಮ್ಮ ಮೇಜಿನ ಕಾಲ ಬಳಿ ಇಟ್ಟುಕೊಂಡರು.

ಅವತ್ತಿನಿಂದ ಅದು ಅವರ ಪೀಕದಾನಿ. ಅವರು ಪ್ರಿನ್ಸಿಪಾಲರಾದರು, ಆದರೂ ತಂಪಾಗಿದೆಯೆಂದು ಆ ಕೋಣೆಯನ್ನು ಬಿಡಲಿಲ್ಲ, ಉಗುಳುವುದನ್ನೂ ಬಿಡಲಿಲ್ಲ. ಒಂದು ಮರಿಯನ್ನು ಹೊತ್ತಿದ್ದ ತತ್ತಿಯೊಳಗೆ ಪದರ ಪದರವಾಗಿ ಕೆಂಪು ಕೊಳೆ ಕಟ್ಟಿತು. ನಾನು ಮಖಮಲ್ಲಿನ ಮೇಲೆ ಕೂತು ದಿನಾ ಅದನ್ನು ನೋಡಬೇಕಾಗಿತ್ತು. ಅದರ ಮಾನ ನನ್ನ ಮೈಮೇಲಿತ್ತು, ನನ್ನ ಹೆಸರು ಅದರ ಮೈಮೇಲಿತ್ತು. ನನ್ನ ಬಗ್ಗೆ ನನಗೇ ಹೇಸಿಗೆ ಹುಟ್ಟಿತು.

ಹಾಗೆ ವರ್ಷಗಳು ಹೋದ ಮೇಲೆ ಕಸ್ತೂರಿ ತಳವಾರ ಬಂದಳು. ಅತಿಥಿ ಉಪನ್ಯಾಸಕಿ. ಆರು ವರ್ಷ ಒಂದೇ ಮನೆಯಲ್ಲಿ ಉಳಿಯುವ ಅತಿಥಿಯನ್ನು ನಾನು ಕಂಡದ್ದು ಈ ಕಾಲೇಜಿನಲ್ಲಿಯೇ. ವರ್ಷ ವರ್ಷವೂ ಪ್ರಿನ್ಸಿಪಾಲರು ಪಟ್ಟಿಯಲ್ಲಿ ಹೆಸರು ಬರೆದರೆ ಕೆಲಸ, ಇಲ್ಲವಾದರೆ ಮನೆ.

ಪಾಠ ಮುಗಿದ ಮೇಲೆ ಅವಳು ಕಪಾಟು ತೆರೆದು ಕಲ್ಲುಗಳ ಮುಂದೆ ನೆಲದ ಮೇಲೆ ಕೂಡುತ್ತಿದ್ದಳು. ಒಂದು ಭೂತಗನ್ನಡಿ, ಒಂದು ಸೂಜಿ, ಒಂದು ನೋಟುಬುಕ್ಕು. ಮೊದಲ ವಾರವೇ ಅವಳ ಹುಬ್ಬು ಮೇಲೇರಿತು. ಶಾರ್ಕಿನ ಹಲ್ಲಿಗೆ ಬಸವನಹುಳುವಿನ ಚೀಟಿ. ಕಪ್ಪೆಚಿಪ್ಪಿಗೆ ಜರಿಗಿಡದ ಚೀಟಿ. ಮೀನಿನ ಬೆನ್ನೆಲುಬಿಗೆ ಹವಳದ ಚೀಟಿ. ಇಷ್ಟು ವರ್ಷ ಹುಡುಗರು ಇವನ್ನು ಹೀಗೆಯೇ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹೀಗೆಯೇ ಬರೆದು, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದರು. ಅವಳು ಗದ್ದಲ ಮಾಡಲಿಲ್ಲ. ಒಂದೊಂದೇ ಕಲ್ಲನ್ನು ವಾರಗಟ್ಟಲೆ ನೋಡಿ, ಪುಸ್ತಕದ ಚಿತ್ರದೊಂದಿಗೆ ಹೋಲಿಸಿ, ಹಳೆಯ ಚೀಟಿ ಬಿಡಿಸಿ ಸರಿಯಾದ ಜಾಗಕ್ಕೆ ಹಚ್ಚಿದಳು. ಐವತ್ತೆಂಟು ಚೀಟಿಗಳು ಮನೆ ಸೇರಿದವು. ಉಳಿದದ್ದು ನಾವಿಬ್ಬರು.

ಅವಳು ನನ್ನನ್ನು ಪೆಟ್ಟಿಗೆಯಿಂದ ತೆಗೆದ ದಿನ ನೆನಪಿದೆ. ಚಪ್ಪಟೆ ಮಗ್ಗುಲು ಮುಟ್ಟಿದಳು. ಬಿರುಕುಗಳಲ್ಲಿ ಗಟ್ಟಿಯಾಗಿದ್ದ ಹಾಲಿನ ಕೊಳೆಯನ್ನು ಸೂಜಿಯಿಂದ ಬಿಡಿಸಿ ಒಳಗೆ ನೋಡಿದಳು. ಚಿಪ್ಪಿನ ಕುರುಹು ಎಲ್ಲಿಯೂ ಇಲ್ಲ. ತುಟಿಯಂಚಿನಲ್ಲಿ ನಗು ಬಂತು. ಆಮೇಲೆ ಬಗ್ಗಿ ಮೇಜಿನ ಕಾಲ ಬಳಿಯ ಪೀಕದಾನಿಯನ್ನು ನೋಡಿದಳು, ನಗು ಆರಿಹೋಯಿತು.

ಮರುದಿನ ಪ್ರಿನ್ಸಿಪಾಲರಿಗೆ ಹೇಳಿಯೇಬಿಟ್ಟಳು. “ಸರ, ಪೆಟ್ಟಿಗ್ಯಾಗ ಇರೂದು ತತ್ತಿ ಅಲ್ರಿ, ಲದ್ದಿ. ತತ್ತಿ ನಿಮ್ಮ ಕಾಲಾಗ ಐತ್ರಿ.”

ಹಂಚಿನಾಳರು ಬಾಯಲ್ಲಿದ್ದುದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿದರು. “ಮೇಡಂ, ಕಟಗೇರಿ ಮಾಸ್ತರ ಬರದದ್ದು ತಪ್ಪು ಅನ್ನೂವಷ್ಟು ನೀವ ದೊಡ್ಡವರಾದ್ರೇನು? ಬರೂ ತಿಂಗಳ ಕಾಲೇಜಿಗೆ ದರ್ಜೆ ಕೊಡೂ ಸಮಿತಿ ಬರತದ. ಕಾಲೇಜಿನ ಹೆಸರ ನಿಂತದ್ದು ಈ ತತ್ತಿ ಮ್ಯಾಲ. ಆಡಳಿತ ಮಂಡಳಿ ಒಂದು ಕಾಯಂ ಹುದ್ದೆ ತುಂಬಾಕತ್ತದ, ನಿಮ್ಮ ಹೆಸರ ನಾನ ಹೇಳೀನಿ. ತತ್ತಿ ಬಗ್ಗೆ ಸಮಿತಿಗೆ ಒಂದ ಚಂದನ ಪುಸ್ತಿಕಾ ಬರದಕೊಡ್ರಿ. ತಿಳೀತಲ್ಲ?”

ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಒಂದು ವಾರದಲ್ಲಿ ಪುಸ್ತಿಕೆ ಬರೆದುಕೊಟ್ಟಳು. ‘ಕಾಲೇಜಿನ ಹೆಮ್ಮೆಯಾದ ಡೈನೊಸಾರ್ ತತ್ತಿ’ ಎಂದು ತಲೆಬರಹ, ಕೆಳಗೆ ಅವಳ ಹೆಸರು. ಅದರ ಒಂದು ಪ್ರತಿಯನ್ನು ತಂದು ನನ್ನ ಪೆಟ್ಟಿಗೆಯ ಮೇಲೆ ಇಟ್ಟರು. ಅವತ್ತು ನನಗಾದಷ್ಟು ಹೇಸಿಗೆ ಹಾಲು ಹುಳಿತಾಗಲೂ ಆಗಿರಲಿಲ್ಲ. ತಿಳಿಯದೆ ಚೀಟಿ ಹಚ್ಚಿದವನನ್ನು ಕ್ಷಮಿಸಬಹುದು, ನೋಡದೆ ಕೈಮುಗಿದವನನ್ನು ಬಿಟ್ಟುಬಿಡಬಹುದು. ಗೊತ್ತಿದ್ದೂ ಬರೆದವಳನ್ನು ಏನು ಮಾಡುವುದು? ಥೂ, ಇವಳೂ ಅಷ್ಟೇ ಎಂದುಕೊಂಡೆ.

ಸಮಿತಿ ಬಂತು. ಅಧ್ಯಕ್ಷರು ಮೈಸೂರು ಕಡೆಯವರು, ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. ಕಲ್ಲಿನ ವಿಷಯ ತಮಗೆ ತಿಳಿಯದೆಂದು ಅವರೇ ಹೇಳಿಕೊಂಡರು. ಹಂಚಿನಾಳರು ನನ್ನ ಮೇಲೆ ಕೈಯಿಟ್ಟು ಹತ್ತು ನಿಮಿಷ ಮಾತಾಡಿದರು. ತಾಯಿ ಡೈನೊಸಾರಿನ ವಾತ್ಸಲ್ಯದ ಬಗ್ಗೆ ಕೂಡ ಎರಡು ಮಾತು ಹೇಳಿದರು. ಮಾತಿನ ನಡುವೆ ಬಾಯಿ ತುಂಬಿತು. ಬಗ್ಗಿ, ರೂಢಿಯಂತೆ, ಮೇಜಿನ ಕೆಳಗೆ ಉಗುಳಿ ಬಾಯಿ ಒರೆಸಿಕೊಂಡರು.

ಬಾಗಿಲ ಬಳಿ ನಿಂತಿದ್ದ ಕಸ್ತೂರಿ ಒಂದು ಹೆಜ್ಜೆ ಮುಂದೆ ಬಂದಳು.

“ಸಾಕು ಮಾಡ್ರಿ ಸರ” ಎಂದಳು. “ನೀವ ಉಗುಳಿದ್ದು ತತ್ತಿ ಒಳಗ. ಪೆಟ್ಟಿಗ್ಯಾಗಿರೂದು ಲದ್ದಿ. ಆ ಪುಸ್ತಿಕಾದಾಗ ನಾ ಸುಳ್ಳ ಬರದೀನಿ.”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಏನಮ್ಮ ಹೇಳ್ತಿದೀರಿ? ತೋರಿಸೋಕೆ ಆಗುತ್ತಾ?”

ಅವಳು ರಸಾಯನ ವಿಭಾಗದಿಂದ ನೀರು ಬೆರೆಸಿದ ಆಮ್ಲ ತರಿಸಿದಳು. ತತ್ತಿಯ ಚಿಪ್ಪು ಸುಣ್ಣದ ಜಾತಿಯದು, ಆಮ್ಲ ಬಿದ್ದರೆ ನೊರೆ ಬರಬೇಕು, ಲದ್ದಿಗೆ ಬರಬಾರದು. ಅಧ್ಯಕ್ಷರೇ ಹನಿ ಹಾಕಿದರು. ನನ್ನ ಮೇಲೆ ಹನಿ ಸುಮ್ಮನೆ ಕೂತಿತು. ಪೀಕದಾನಿಯ ಮೇಲೆ ಚುಂಯ್ ಎಂದು ನೊರೆ ಎದ್ದಿತು.

ಹಂಚಿನಾಳರು ಹಾರಿಬಿದ್ದರು. “ಅದು ಎಲಿ ಸುಣ್ಣರಿ ಸರ! ಇಪ್ಪತ್ತ ವರ್ಷದಿಂದ ನಾನ ಉಗುಳೀನಿ ಅದರಾಗ!”

ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ಗೊತ್ತಾಯಿತು. ಯಾರೋ ಕಿಸಕ್ಕೆಂದರು. ಕಸ್ತೂರಿ ಆ ಚೂರನ್ನು ಬರಿಗೈಯಲ್ಲಿ ಎತ್ತಿ ನಲ್ಲಿಯ ಕೆಳಗೆ ಹಿಡಿದು, ಕೆಂಪು ಕೊಳೆಯನ್ನು ಉಗುರಿನಿಂದ ಕೆರೆದು ತೊಳೆದಳು. ಒಳಮೈಯನ್ನು ಬಿಟ್ಟು, ಉಗುಳು ತಾಗದ ಹೊರಮೈಯ ಮೇಲೆ ಹನಿ ಹಾಕಿಸಿದಳು. ಮತ್ತೆ ನೊರೆ ಬಂತು. ಭೂತಗನ್ನಡಿ ಹಿಡಿದು ಅಧ್ಯಕ್ಷರಿಗೆ ತೋರಿಸಿದಳು. ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು, ಮರಿ ಉಸಿರಾಡಲಿಕ್ಕೆ ಇದ್ದಂಥವು. ಅಧ್ಯಕ್ಷರು ಬಹಳ ಹೊತ್ತು ನೋಡಿದರು. ಇತ್ತ ನನ್ನನ್ನು ಮುಟ್ಟಿದ್ದವರೆಲ್ಲ ಒಬ್ಬೊಬ್ಬರಾಗಿ ನಲ್ಲಿಯ ಕಡೆ ಸರಿದು ಕೈ ತೊಳೆಯತೊಡಗಿದರು. ಆಡಳಿತ ಮಂಡಳಿಯವರೊಬ್ಬರು ಸಾಬೂನು ಎಲ್ಲಿದೆ ಎಂದು ಕೇಳಿದರು.

ಹಂಚಿನಾಳರು ಸುಮ್ಮನಿರುವ ಗಿರಾಕಿಯಲ್ಲ. “ಸರ, ಈಕಿ ಆರ ವರ್ಷದಿಂದ ಈ ಕಪಾಟಿನ ಚೀಟಿ ಕಿತ್ತು ಹಚ್ಚೂದ ಮಾಡ್ಯಾಳ. ಇದನ್ನೂ ಈಕಿನ ಅದಲಾಬದಲಿ ಮಾಡ್ಯಾಳ. ಕಾಲೇಜಿನ ಮಾನ ಕಳಿಯೂ ಸಂಚು ಇದು. ಪೋಲೀಸರಿಗೆ ಕೊಡತೀನಿ” ಎಂದರು.

ಕಸ್ತೂರಿ ಐವತ್ತೆಂಟು ಚೀಟಿ ಕಿತ್ತು ಹಚ್ಚಿದ್ದು ನಿಜ. ಉಳಿದೆರಡನ್ನು ಮುಟ್ಟಿಲ್ಲ ಎಂದು ತೋರಿಸುವುದು ಹೇಗೆ? ಕೆಲಸವಷ್ಟೇ ಅಲ್ಲ, ಹೆಸರೂ ಹೋಗುವ ಹೊತ್ತು ಬಂದಿತ್ತು.

ಆಗ ಚಹಾದ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಅಡಿವೆಪ್ಪ ತಟ್ಟೆಯನ್ನು ನೆಲಕ್ಕಿಟ್ಟ. ನಿವೃತ್ತಿಗೆ ಅವನಿಗೆ ಎರಡು ತಿಂಗಳು ಉಳಿದಿತ್ತು.

“ಅಕ್ಕಾರದ ತಪ್ಪಿಲ್ರಿ ಸಾಹೇಬ್ರ. ಚೀಟಿ ಹಚ್ಚಿದಾಂವ ನಾನ. ಖಂಡೇಪೂಜಿಗೆ ಕಲ್ಲ ತೊಳದೆ, ಎಲ್ಲಾ ಚೀಟಿ ಕಿತ್ತು ಬಂದ್ವು. ನನಗ ಇಂಗ್ಲೀಷ್ ಬರೂದಿಲ್ರಿ. ಕೆಂಪಂದು ಚಂದನ ಕಲ್ಲಿಗೆ ಹಚ್ಚಿದೆ. ಮೂವತ್ತಮೂರು ವರ್ಷಾತ್ರಿ. ಈ ಅಕ್ಕಾರ ಆವಾಗ ಹುಟ್ಟಿದ್ದಿಲ್ಲ.”

ಅಧ್ಯಕ್ಷರು ಅಡಿವೆಪ್ಪನ ಭುಜದ ಮೇಲೆ ಕೈಯಿಟ್ಟು, ತಟ್ಟೆಯಿಂದ ತಾವೇ ಒಂದು ಕಪ್ಪು ಚಹಾ ತೆಗೆದುಕೊಂಡರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ನೀವು ಹಂಚಿನಾಳರನ್ನು ಇನ್ನೂ ಅರಿತಿಲ್ಲ. ಹದಿನೈದು ದಿನಕ್ಕೆ ಮಖಮಲ್ಲಿನ ಮೇಲೆ ನಿಜವಾದ ತತ್ತಿ ಬಂದು ಕೂತಿತು. ಪೇಪರಿನವರು ಬಂದರು. ಇಪ್ಪತ್ತು ವರ್ಷ ತಾವೇ ಉಗುಳಿದ ಬಟ್ಟಲನ್ನು ಹಂಚಿನಾಳರು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ತುಟಿಗೂ ತಾಗಿಸಿ ಫೋಟೋ ತೆಗೆಸಿಕೊಂಡರು. ‘ಪ್ರಿನ್ಸಿಪಾಲರ ದೀರ್ಘ ಸಂಶೋಧನೆಯ ಫಲ’ ಎಂದು ಅಚ್ಚಾಯಿತು. ಉಗುಳಿದ್ದನ್ನು ನುಂಗುವ ಜನ ಎಂದು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಅದೇ ತಿಂಗಳು ಮುಂದಿನ ವರ್ಷದ ಪಟ್ಟಿ ಬಂದಾಗ ಅದರಲ್ಲಿ ಕಸ್ತೂರಿಯ ಹೆಸರಿರಲಿಲ್ಲ. ಕಾಯಂ ಹುದ್ದೆಗೆ ಆಡಳಿತ ಮಂಡಳಿಯವರೊಬ್ಬರ ಅಳಿಯ ಬಂದ. ಆತ ಈವರೆಗೆ ಕಪಾಟಿನ ಬಾಗಿಲು ತೆರೆದಿಲ್ಲ.

ನಾನೀಗ ಕಪಾಟಿನ ಕೆಳಗಿನ ಅರೆಯಲ್ಲಿ, ಕಸಬರಿಗೆಯ ಮಗ್ಗುಲಲ್ಲಿ ಇದ್ದೇನೆ. ಹಾಲಿಲ್ಲ, ಕುಂಕುಮವಿಲ್ಲ, ಯಾರೂ ಮುಟ್ಟುವುದಿಲ್ಲ. ನೆಮ್ಮದಿಯಾಗಿದೆ. ಲದ್ದಿಗೆ ನಾಚಿಕೆಯಿಲ್ಲ, ಯಾಕೆಂದರೆ ಅದು ತಾನು ಬೇರೇನೋ ಎಂದು ಹೇಳಿಕೊಳ್ಳುವುದಿಲ್ಲ. ಮನುಷ್ಯರಲ್ಲಿ ನಾನು ಎಣಿಸಿ ಮೂವರನ್ನು ಮಾತ್ರ ಹೇಸದೆ ನೆನೆಯುತ್ತೇನೆ. ಒಬ್ಬರು ನನ್ನನ್ನು ನೆಕ್ಕಿದವರು, ಒಬ್ಬ ನನ್ನನ್ನು ತೊಳೆದವನು. ಮೂರನೆಯವಳು ಕಾಲೇಜಿನಲ್ಲಿದ್ದ ಕೊನೆಯ ದಿನವೊಂದನ್ನು ಹೇಳಿ ಸುಮ್ಮನಾಗುತ್ತೇನೆ.

ಅವತ್ತು ಕಸ್ತೂರಿ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡ ಮೇಲೆ ನನ್ನನ್ನು ಕಲ್ಲು ಕೊಯ್ಯುವ ಗರಗಸದ ಯಂತ್ರಕ್ಕೆ ಹಿಡಿದಳು. ನೋವಾಯಿತು, ಸುಳ್ಳೇಕೆ ಹೇಳಲಿ. ಒಂದು ತೆಳ್ಳನೆಯ ಬಿಲ್ಲೆ ಕೊಯ್ದು, ಬೆಳಕು ಹಾಯುವವರೆಗೆ ತಿಕ್ಕಿ, ಗಾಜಿನ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದಳು. ಕುರ್ಚಿ ಸರಿಸಿ ಅಡಿವೆಪ್ಪನನ್ನು ಕರೆದಳು. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

“ಹುಲ್ಲಿನಂಗ ಕಾಣತೈತಲ್ರಿ ಅಕ್ಕಾರ?”

“ಹುಲ್ಲ ಅಡಿವೆಪ್ಪಣ್ಣ. ಡೈನೊಸಾರ್ ಕಾಲಕ್ಕ ಹುಲ್ಲ ಹುಟ್ಟಿದ್ದ ಇಲ್ಲ ಅಂತ ನಾ ಓದಿದ ಹಳೇ ಪುಸ್ತಕದಾಗ ಬರದಿದ್ರು. ಇದರ ಹೊಟ್ಯಾಗ ನೋಡು, ಹ್ಯಾಂಗ ಕೂತೈತಿ.”

ಅಡಿವೆಪ್ಪ ತಲೆ ಎತ್ತಿದ. ಚಹಾ ತಂದಿದ್ದ, ಕಪ್ಪು ಮುಂದೆ ಇಟ್ಟ. “ಅವತ್ತ ಸುಮ್ಮನಿದ್ರ ನಿಮ್ಮ ಕೆಲಸ ಉಳೀತಿತ್ತಲ್ರಿ” ಎಂದ.

“ಉಳೀತಿತ್ತು. ಆದ್ರ ಆ ಪೀಕದಾನಿ ಎದುರಿಗೆ ನಾ ದಿನಾ ಕೂಡಬೇಕಿತ್ತಲ್ಲೋ ಅಣ್ಣ” ಎಂದಳು ಕಸ್ತೂರಿ.

ಅವಳ ಬೆರಳುಗಳ ಸಂದಿಯಲ್ಲೆಲ್ಲ ನನ್ನ ಪುಡಿ ಮೆತ್ತಿಕೊಂಡಿತ್ತು. ನಲ್ಲಿ ಎರಡು ಹೆಜ್ಜೆಯ ದೂರದಲ್ಲಿತ್ತು. ಅವಳು ಕೈ ತೊಳೆಯದೆ ಕಪ್ಪು ಎತ್ತಿ ಚಹಾ ಕುಡಿದಳು.